ಗಡಿಯಾಚೆಯ ವೈದ್ಯರು, ಗಡಿಯೀಚೆಯ ರೋಗಿಗಳು



ಉಮದಿಯ ಕಡೆಯವರಿಗೆ ಸಾಂಗಲಿಗಿಂತ ವಿಜಯಪುರವೇ ಸಮೀಪವೆಂಬುದನ್ನು ಈ ಸಭೆಗೆ ನಾನು ಹೇಳಬೇಕಾಗಿಲ್ಲ. 1956ರಲ್ಲಿ ಬಿಜಾಪುರ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಜತ್ತವು ಮುಂಬಯಿ ರಾಜ್ಯದಲ್ಲಿ ಉಳಿಯಿತು. ನಕಾಶೆಯ ಮೇಲೆ ಗೆರೆ ಬಿದ್ದಿತೇ ಹೊರತು ರೋಗಿಗಳು ತಮ್ಮ ದಾರಿಯನ್ನು ಬಿಡಲಿಲ್ಲ.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯು ಈ ದಾರಿಯನ್ನು ಒಂದು ರೀತಿಯಲ್ಲಿ ಮನ್ನಿಸಿದೆ. ಅದಕ್ಕೆ ಸೇರಿದ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಯು ಯಾವ ರಾಜ್ಯದಲ್ಲಿಯಾದರೂ, ಯೋಜನೆಗೆ ಒಳಪಟ್ಟ ಆಸ್ಪತ್ರೆಯಲ್ಲಿ, ದೊರೆಯಬೇಕು. ಆದರೆ ಇದು ಆಸ್ಪತ್ರೆಯಲ್ಲಿ ಮಲಗಿದವರಿಗೆ ಮಾತ್ರ. ಮನೆಗೆ ಮರಳಿದ ಮೇಲೆ 15 ದಿನಗಳ ವೆಚ್ಚವನ್ನು ಅದು ನೋಡಿಕೊಳ್ಳುತ್ತದೆ. ಹದಿನಾರನೆಯ ದಿನ? ಎದೆಯ ಶಸ್ತ್ರಕ್ರಿಯೆಯಾದ ಕೂಲಿಕಾರನು ಗುಳಿಗೆಯ ಪ್ರಮಾಣವನ್ನು ಕೇಳಲು ಒಂದು ದಿನದ ಕೂಲಿಯನ್ನು ಬಿಟ್ಟು, ಬಸ್ಸಿನ ಹಣ ತೆತ್ತು, ಮತ್ತೆ ಗಡಿ ದಾಟಬೇಕು. ಇಲ್ಲವೆ ಗುಳಿಗೆಯನ್ನೇ ಬಿಡಬೇಕು. ಅನೇಕರು ಎರಡನೆಯದನ್ನೇ ಆರಿಸಿಕೊಳ್ಳುವುದು ಆಶ್ಚರ್ಯವಲ್ಲ.

ಈ ಪ್ರಯಾಣವು ಪ್ರತಿಸಲವೂ ಅನಿವಾರ್ಯವೇ? ಅಲ್ಲವೆನ್ನುತ್ತವೆ, ಮಾರ್ಚ್ 2020ರಲ್ಲಿ ಕೇಂದ್ರ ಸರಕಾರವು ಪ್ರಕಟಿಸಿದ ದೂರವೈದ್ಯ ನಿಯಮಗಳು. ನೋಂದಾಯಿತ ವೈದ್ಯರು ದೇಶದ ಯಾವ ಭಾಗದ ರೋಗಿಗಾದರೂ ದೂರವಾಣಿಯ ಮೂಲಕ ಸಲಹೆ ನೀಡಬಹುದು. ಅಮೇರಿಕೆಯಲ್ಲಿ ವೈದ್ಯರ ಪರವಾನಿಗೆಯೂ, ಬಡವರ ಮೆಡಿಕೇಡ್ ಯೋಜನೆಯೂ ರಾಜ್ಯ ರಾಜ್ಯಕ್ಕೆ ಬೇರೆ ಬೇರೆ; ಆ ತೊಡಕಿನ ಅರ್ಧಭಾಗ ನಮಗಿಲ್ಲ. ಒಮ್ಮೆ ಕಣ್ಣಾರೆ ಪರೀಕ್ಷಿಸಿದ ವೈದ್ಯರೇ ಆರು ತಿಂಗಳೊಳಗೆ ಅದೇ ರೋಗಕ್ಕೆ ದೂರದಿಂದ ಸಲಹೆ ಕೊಟ್ಟರೆ, ಹೊಸ ರೋಗಿಗೆ ಬರೆಯಲಾಗದ ಕೆಲವು ಔಷಧಗಳನ್ನೂ ಬರೆದುಕೊಡಬಹುದು. ಅವರಿಗೆ ಅನುಮತಿಯಿದೆ, ಕಡ್ಡಾಯವಿಲ್ಲ ಎಂಬುದನ್ನೂ ಹೇಳಿಬಿಡುವೆನು.

ಸರಕಾರದ ಇ-ಸಂಜೀವನಿಯಲ್ಲಿ ಸಲಹೆಯು ಉಚಿತವೇ ಇದೆ. ಆದರೆ ನಮ್ಮ ಆರೋಗ್ಯ ಕೇಂದ್ರದಿಂದ ಸಾಮಾನ್ಯವಾಗಿ ದೊರೆಯುವವರು ಈ ರಾಜ್ಯದ ವೈದ್ಯರು. ‘ಹೊಟ್ಟಿ ಸಂಕಟ ಆಗತೈತಿ’ ಎಂದು ನಮ್ಮ ಅಜ್ಜಿ ಹೇಳಿದರೆ, ಮರಾಠಿಯಲ್ಲಿ ‘ಸಂಕಟ’ವೆಂದರೆ ವಿಪತ್ತು! ಎದುರಿಗೆ ಕುಳಿತ ವೈದ್ಯರು ಅವಳ ಮುಖವನ್ನು ನೋಡಿಯಾದರೂ ತಿಳಿದಾರು. ದೂರದಿಂದ ಕೇಳುವವರಿಗೆ ಮಾತೇ ಮುಖ್ಯ ಆಧಾರ. ಮರಾಠಿ ವೈದ್ಯರ ಮೇಲೆ ದೂರು ಹೇಳುವುದು ನನ್ನ ಉದ್ದೇಶವಲ್ಲ; ಎರಡೂ ಭಾಷೆ ಬಲ್ಲ ತರುಣರು ಅಜ್ಜಿಯ ಪಕ್ಕದಲ್ಲಿ ಕುಳಿತರೆ ಸಾಕು.

ಆಸ್ಪತ್ರೆಯಿಂದ ಬಿಟ್ಟ ಬಳಿಕ ಅದೇ ವೈದ್ಯರು ದೂರವಾಣಿಯಲ್ಲಿ ನೀಡುವ ಸಲಹೆಯನ್ನೂ ಚಿಕಿತ್ಸೆಯ ಭಾಗವೆಂದೆಣಿಸಿ, ಹದಿನೈದು ದಿನಗಳ ಮಿತಿಯನ್ನು ಸಡಿಲಿಸಬೇಕೆಂದು ಸಂಘವು ಎರಡೂ ರಾಜ್ಯಗಳಿಗೂ ಕೇಂದ್ರಕ್ಕೂ ಮನವಿ ಕಳಿಸಲಿ. ಅದು ಫಲಿಸುವವರೆಗೆ, ವಿಜಯಪುರದಿಂದ ಮರಳುವಾಗ ವೈದ್ಯರ ಹೆಸರು, ಅವರಿಗೆ ಕರೆ ಮಾಡಬಹುದಾದ ವೇಳೆ, ಔಷಧದ ಪ್ರಮಾಣ, ಇವಿಷ್ಟನ್ನು ಕಾಗದದ ಮೇಲೆ ಬರೆಯಿಸಿಕೊಳ್ಳದೆ ಬಸ್ಸು ಹತ್ತಬೇಡಿರಿ.