ಓಲೆಗರಿಯೂ ಗಣಕಯಂತ್ರವೂ



ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕುಗಳ ನೆಲವು ಶರಣರ ಸ್ಮರಣೆಯಿಂದ ಪುನೀತವಾದುದು. ಏಕಾಂತದ ರಾಮಯ್ಯನವರ ಹುಟ್ಟೂರು ಆಲಂದೆಯೆಂಬುದನ್ನು ಅಬ್ಬಲೂರಿನ ಶಿಲಾಶಾಸನವು ಇಂದಿಗೂ ಸಾರುತ್ತಲಿದೆ. ಅಖಂಡೇಶ್ವರಾಂಕಿತದ ವಚನಗಳನ್ನು ರಚಿಸಿದ ಷಣ್ಮುಖ ಶಿವಯೋಗಿಗಳ ಕ್ಷೇತ್ರವು ಜೇವರ್ಗಿ. ಇಂಥ ನೆಲದಲ್ಲಿ ಓಲೆಗರಿಯ ಕಟ್ಟುಗಳು ಜಗುಲಿಯೇರಿ ಪೂಜೆಗೊಂಡುದರಲ್ಲಿ ಆಶ್ಚರ್ಯವೇನು?

ಗಣಕಯಂತ್ರವೂ ಡಿಜಿಟಲ್ ಕ್ಯಾಮರಾವೂ ಆ ಕಟ್ಟುಗಳ ಬಳಿಗೆ ಬಂದಾಗ ಹಿರಿಯರು ಹಿಂಜರಿಯುವುದು ಸಹಜವೇ ಸರಿ. ಕಟ್ಟನ್ನು ಬಿಚ್ಚಿದರೆ ಮಡಿ ಕೆಡುವುದೆಂದು ಒಂದು ಶಂಕೆ. ಮಿಂಚುಬೆಳಕಿಗೆ ಗರಿ ಕೆಡುವುದೆಂದು ಇನ್ನೊಂದು. ಚಿತ್ರವು ಕೈಸೇರಿದ ಮೇಲೆ ಮೂಲವನ್ನು ಕೇಳುವವರಿರರೆಂಬುದು ಮೂರನೆಯದು. ಇವು ಅಜ್ಞಾನದ ಮಾತುಗಳಲ್ಲ. ಮೂರನೆಯದಂತೂ ನಿಜವಾದ ಭಯವು.

ಅಚ್ಚಿನ ಹಾದಿಯೂ ಹಿಂದೆ ಸುಗಮವಾಗಿರಲಿಲ್ಲ. ಫ. ಗು. ಹಳಕಟ್ಟಿಯವರು ವಕೀಲಿಯ ನಡುವೆಯೇ ಊರೂರು ತಿರುಗಿ ಓಲೆಗರಿಗಳನ್ನು ಕೂಡಿಹಾಕಿದರು. ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಹೊರತಂದರು. ಮನೆಯನ್ನೇ ಮಾರಿ ೧೯೨೫ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರುಷವೇ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅಚ್ಚಾದುದರಿಂದ ವಚನದ ಮಹಿಮೆ ಕುಂದಿತೇ? ಜಗುಲಿಯ ಮೇಲಿದ್ದುದು ಜನರ ನಾಲಗೆಗೆ ಬಂದಿತು.

೨೦೨೦ರ ಅಕ್ಟೋಬರದಲ್ಲಿ ಭೀಮೆಯು ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಿಗೆ ನುಗ್ಗಿದಳು. ಮನೆಯೊಳಗೆ ನೀರು ಹೊಕ್ಕಾಗ ಕೂಸುಗಳನ್ನೂ ದನಕರುಗಳನ್ನೂ ಉಳಿಸಿಕೊಳ್ಳುವುದೇ ಮೊದಲ ಧರ್ಮ. ಜಗುಲಿಯ ಕಟ್ಟು ನೆನಪಾಗುವುದು ಆಮೇಲೆ. ಬೇರೆ ಪ್ರತಿಯಿಲ್ಲದ ಕಟ್ಟು ಒಮ್ಮೆ ತೊಯ್ದು ಕೊಳೆತರೆ ಅದರೊಳಗಿನ ಮಾತು ಲೋಕದಿಂದಲೇ ಹೋದಂತೆ. ಗೆದ್ದಲಿಗಾದರೋ ಹೊಳೆ ಬರುವುದೂ ಬೇಕಿಲ್ಲ.

ಓಲೆಯ ಅಕ್ಷರಗಳು ಕಂಟದಿಂದ ಕೊರೆದವು. ತೀಡಿದ ಕಾಡಿಗೆಯು ಮಾಸಿತೆಂದರೆ ಕಣ್ಣಿಗೆ ಕಾಣವು. ಮಿಂಚುಬೆಳಕನ್ನು ಬಿಟ್ಟು, ಮೃದುವಾದ ಬೆಳಕನ್ನು ಓರೆಯಾಗಿ ಬೀರಿ ಚಿತ್ರ ತೆಗೆದರೆ ಕೊರೆದ ಗೆರೆಗಳ ನೆರಳು ಎದ್ದು ತೋರುವುದು. ಅದನ್ನು ಗಣಕಯಂತ್ರದ ತೆರೆಯ ಮೇಲೆ ಹಿರಿದುಮಾಡಿದರೆ ಕಣ್ಣು ಮಂದವಾದ ವೃದ್ಧರೂ ಓದಬಲ್ಲರು. ಕಟ್ಟನ್ನು ಪರಸ್ಥಳಕ್ಕೆ ಒಯ್ಯಬೇಕಾಗಿಲ್ಲ. ಮಠದ ಪಡಸಾಲೆಯಲ್ಲಿಯೇ ಕೆಲಸವಾಗುವುದು. ತಾನು ಪೂಜಿಸಿದ ಗರಿಯ ಒಕ್ಕಣೆಯನ್ನು ಮೊದಲ ಬಾರಿಗೆ ಓದಿದ ಹಿರಿಯನು ಮತ್ತೆ ಬೇಡವೆನ್ನುವುದು ಕಷ್ಟ.

೧೯೯೩ರಲ್ಲಿ ಕರ್ನಾಟಕ ಸರಕಾರವು ೧೫ ಭಾಗಗಳಲ್ಲಿ ಪ್ರಕಟಿಸಿದ ಸಮಗ್ರ ವಚನ ಸಂಪುಟವನ್ನು ಕೈಯಲ್ಲಿ ಹೊರುವುದು ಪ್ರಯಾಸ. ಇಂದು ಗಣಕದಲ್ಲಿ ಒಂದು ಪದವನ್ನಿತ್ತರೆ ಸಾವಿರಾರು ವಚನಗಳೊಳಗಿಂದ ಬೇಕಾದುದು ಕ್ಷಣದಲ್ಲಿ ದೊರೆಯುವುದು. ಆದರೂ ಹಳೆಯ ಒಕ್ಕಣೆಯನ್ನು ತಪ್ಪಿಲ್ಲದೆ ಓದಲು ಬಲ್ಲವರೇ ಬೇಕು. ಯಂತ್ರವನ್ನೇ ನಂಬಿ ಅವರನ್ನು ಮರೆತರೆ ಉಳಿಯುವುದು ಬರಿಯ ಚಿತ್ರವು.

ಆದುದರಿಂದ ಹಿರಿಯರ ಭಯವನ್ನೇ ನಿಯಮವನ್ನಾಗಿ ಮಾಡಿಕೊಳ್ಳುವುದು ಲೇಸು. ಚಿತ್ರ ತೆಗೆದ ಗರಿಯು ಅಂದೇ ತನ್ನ ಜಗುಲಿಗೆ ಮರಳಲಿ. ಚಿತ್ರಗಳ ಪ್ರತಿಗಳು ಎರಡು ಊರುಗಳಲ್ಲಿರಲಿ. ಒಂದಾದರೂ ಹೊಳೆಯಿಂದ ದೂರವಿರಲಿ. ಅಜ್ಜನು ಓದಲಿ, ಮೊಮ್ಮಗಳು ಗಣಕದಲ್ಲಿ ಬರೆದುಕೊಳ್ಳಲಿ. ಕಲ್ಲು, ಓಲೆ, ಕಾಗದ, ಯಂತ್ರ ಇವೆಲ್ಲವೂ ಪಾತ್ರೆಗಳು. ಪ್ರಸಾದವು ಕೆಡದಂತೆ ಮುಂದಿನವರಿಗೆ ಮುಟ್ಟಿಸುವುದೇ ಶರಣರ ಮಕ್ಕಳ ಕಾಯಕವು.