ತೂಕ ಇಳಿಯಿತು, ಹೊಣೆ ಇಳಿಯಲಿಲ್ಲ

(ಕುಟುಂಬ ಆರೋಗ್ಯದ ಕುರಿತು ನಡೆದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)





ನಮ್ಮ ಸಭೆಗಳಲ್ಲಿ ಶಿಕ್ಷಣದ ಕುರಿತು, ವರದಕ್ಷಿಣೆಯ ಕುರಿತು, ಮದುವೆಯ ದುಂದುವೆಚ್ಚದ ಕುರಿತು ನಾವು ಹಲವು ಬಾರಿ ಮಾತನಾಡಿದ್ದೇವೆ. ಇಂದು ನಮ್ಮ ಮನೆಗಳಲ್ಲಿ ಪಿಸುದನಿಯಲ್ಲಿ ಮಾತ್ರ ಚರ್ಚೆಯಾಗುವ ಒಂದು ವಿಷಯವನ್ನು ನಿಮ್ಮ ಮುಂದಿಡುತ್ತಿದ್ದೇವೆ. ಅದು ತೂಕ ಇಳಿಸುವ ಶಸ್ತ್ರಚಿಕಿತ್ಸೆ. ಇನ್ನೂ ನಿರ್ದಿಷ್ಟವಾಗಿ ಹೇಳುವುದಾದರೆ, ಆ ಶಸ್ತ್ರಚಿಕಿತ್ಸೆಯ ನಂತರ ಬದುಕಿನುದ್ದಕ್ಕೂ ಸೇವಿಸಬೇಕಾದ ವಿಟಮಿನ್ ಮತ್ತು ಖನಿಜಾಂಶಗಳ ಮಾತ್ರೆಗಳ ವಿಷಯ.

ಇದು ಶ್ರೀಮಂತರ ವಿಷಯ, ನಮಗೇನು ಸಂಬಂಧ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ಗಮನಿಸಿರಿ. ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 24ರಷ್ಟು ಮಂದಿ ಅಧಿಕ ತೂಕದವರು ಅಥವಾ ಬೊಜ್ಜಿನವರು. ಅದೇ ಸಮೀಕ್ಷೆಯ ಪ್ರಕಾರ ಅದೇ ವಯಸ್ಸಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿದೆ. ದೇಹ ದಪ್ಪವಾಗಿದ್ದರೂ ರಕ್ತದಲ್ಲಿ ಪೋಷಕಾಂಶ ಇಲ್ಲದಿರಬಹುದು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವುಗಳಿಂದ ಬಳಲಿದವರು ಇಂದು ಬೆಂಗಳೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ಈ ಶಸ್ತ್ರಚಿಕಿತ್ಸೆಗೆ ಒಳಗಾಗುತ್ತಿದ್ದಾರೆ. ಗಲ್ಫ್ ರಾಷ್ಟ್ರಗಳಲ್ಲಿ ದುಡಿಯುವ ನಮ್ಮ ಕರಾವಳಿಯ ಕುಟುಂಬಗಳಲ್ಲಿ ಅಲ್ಲಿಯೇ ಮಾಡಿಸಿಕೊಂಡು ಊರಿಗೆ ಮರಳಿದವರೂ ಇದ್ದಾರೆ.

ಶಸ್ತ್ರಚಿಕಿತ್ಸೆ ತಪ್ಪು ಎಂದು ನಾವು ಹೇಳುತ್ತಿಲ್ಲ. ಅಗತ್ಯವಿರುವವರಿಗೆ, ತಜ್ಞರು ಸೂಚಿಸಿದಾಗ, ಅದು ಆಯುಷ್ಯವನ್ನೂ ಆರೋಗ್ಯವನ್ನೂ ಮರಳಿಸುವ ಚಿಕಿತ್ಸೆ. ನಮ್ಮ ಆತಂಕ ಅನಂತರದ್ದು. ಮೊದಲ ವರ್ಷ ತೂಕ ಇಳಿಯುತ್ತದೆ, ನೆಂಟರು ಹೊಗಳುತ್ತಾರೆ, ಎಲ್ಲವೂ ಸರಿಯಾಯಿತು ಎಂಬ ಭಾವನೆ ಮೂಡುತ್ತದೆ. ಎರಡನೆಯ ವರ್ಷದಲ್ಲಿ ಮಾತ್ರೆಗಳು ಕಪಾಟಿನ ಮೂಲೆ ಸೇರುತ್ತವೆ. ನಿಜವಾದ ಅಪಾಯ ಆರಂಭವಾಗುವುದು ಆಗಲೇ.

ಇದೇಕೆ ಹೀಗೆ ಎಂಬುದನ್ನು ಅರ್ಥ ಮಾಡಿಕೊಳ್ಳಬೇಕು. ಹೆಚ್ಚಾಗಿ ಮಾಡಲಾಗುವ ಶಸ್ತ್ರಚಿಕಿತ್ಸೆಗಳು ಎರಡು. ಸ್ಲೀವ್ ಎಂಬುದರಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆದು ಕಿರಿದಾದ ಕೊಳವೆಯಷ್ಟನ್ನು ಮಾತ್ರ ಉಳಿಸಲಾಗುತ್ತದೆ. ಬೈಪಾಸ್ ಎಂಬುದರಲ್ಲಿ ಜಠರದ ಮೇಲ್ಭಾಗದಲ್ಲಿ ಪುಟ್ಟ ಚೀಲವೊಂದನ್ನು ರಚಿಸಿ, ಅದನ್ನು ಸಣ್ಣ ಕರುಳಿನ ಕೆಳಭಾಗಕ್ಕೆ ಜೋಡಿಸಲಾಗುತ್ತದೆ. ಆಹಾರವು ಕರುಳಿನ ಆರಂಭದ ಭಾಗವನ್ನು ಮುಟ್ಟದೆಯೇ ಮುಂದೆ ಸಾಗುತ್ತದೆ. ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಮುಖ್ಯವಾಗಿ ರಕ್ತಕ್ಕೆ ಸೇರುವುದು ಆ ಆರಂಭದ ಭಾಗದಲ್ಲಿಯೇ. ಬಿ12 ವಿಟಮಿನ್ ದೇಹಕ್ಕೆ ದಕ್ಕಬೇಕಾದರೆ ಜಠರದ ಗೋಡೆ ಸ್ರವಿಸುವ ಒಂದು ವಿಶೇಷ ಪ್ರೋಟೀನ್ ಬೇಕು. ಜಠರವೇ ಕಿರಿದಾದಾಗ ಆ ಪ್ರೋಟೀನೂ ಆಮ್ಲವೂ ಕಡಿಮೆಯಾಗುತ್ತವೆ. ಹೀಗಾಗಿ ಎಷ್ಟೇ ಒಳ್ಳೆಯ ಆಹಾರ ಸೇವಿಸಿದರೂ ಕೇವಲ ಊಟದಿಂದ ಈ ಕೊರತೆ ತುಂಬುವುದಿಲ್ಲ. ಶಸ್ತ್ರಚಿಕಿತ್ಸೆ ಒಂದು ದಿನದ್ದು, ಅದರ ಪರಿಣಾಮ ಜೀವನಪರ್ಯಂತದ್ದು. ಆದ್ದರಿಂದ ಮಾತ್ರೆಯೂ ಜೀವನಪರ್ಯಂತದ್ದು.

ಕೊರತೆಯಾದರೆ ಏನಾಗುತ್ತದೆ? ಕಬ್ಬಿಣಾಂಶ ಕುಂದಿದರೆ ಆಯಾಸ, ಏದುಸಿರು, ಕೂದಲುದುರುವಿಕೆ ಕಾಣಿಸಿಕೊಳ್ಳುತ್ತವೆ. ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಸಾಲದಿದ್ದರೆ ದೇಹವು ಮೂಳೆಯೊಳಗಿನ ಕ್ಯಾಲ್ಸಿಯಮನ್ನೇ ಕರಗಿಸಿಕೊಳ್ಳುತ್ತದೆ. ಹೊರಗೆ ಏನೂ ಕಾಣದು, ಮೂಳೆ ಮಾತ್ರ ಒಳಗೊಳಗೇ ಸವೆಯುತ್ತದೆ. ಬಿ12 ಯಕೃತ್ತಿನಲ್ಲಿ ವರ್ಷಗಟ್ಟಲೆ ಸಂಗ್ರಹವಾಗಿರುವುದರಿಂದ ಅದರ ಕೊರತೆ ತಡವಾಗಿ ಕಾಣಿಸುತ್ತದೆ. ಕೈಕಾಲು ಜುಮುಗುಟ್ಟುವುದು, ಮರೆವು, ನಡಿಗೆಯಲ್ಲಿ ಅಸ್ಥಿರತೆ ಅದರ ಲಕ್ಷಣಗಳು. ತಡವಾದರೆ ನರಗಳಿಗಾದ ಹಾನಿ ಮರಳಿ ಸರಿಹೋಗದೆ ಉಳಿಯಬಹುದು.

ಎಲ್ಲಕ್ಕಿಂತ ಬೇಗ ಬರಿದಾಗುವುದು ಬಿ1, ಅಂದರೆ ಥಯಾಮಿನ್. ದೇಹದಲ್ಲಿರುವ ಅದರ ದಾಸ್ತಾನು ಎರಡು ಮೂರು ವಾರಗಳಿಗಷ್ಟೇ ಸಾಕು. ಶಸ್ತ್ರಚಿಕಿತ್ಸೆಯಾದವರಿಗೆ ಬಿಡದೆ ವಾಂತಿಯಾಗುತ್ತಿದ್ದರೆ ಅದನ್ನು ಅಜೀರ್ಣವೆಂದು ತಳ್ಳಿಹಾಕಬಾರದು. ಕಣ್ಣು ತೊಯ್ದಾಡುವುದು, ನಡೆಯುವಾಗ ತೂರಾಡುವುದು, ಗೊಂದಲದ ಮಾತು ಕಂಡುಬಂದರೆ ಅದು ಮಿದುಳಿಗೆ ತಟ್ಟಿದ ತುರ್ತುಸ್ಥಿತಿ. ನಮ್ಮ ಊರುಗಳಲ್ಲಿ ಸುಸ್ತಾದವರಿಗೆಲ್ಲ ಒಂದು ಗ್ಲೂಕೋಸ್ ಬಾಟಲಿ ಏರಿಸುವ ರೂಢಿಯಿದೆ. ಥಯಾಮಿನ್ ಕೊಡದೆ ಗ್ಲೂಕೋಸ್ ಏರಿಸಿದರೆ ಈ ಸ್ಥಿತಿ ಉಲ್ಬಣಿಸಬಹುದು. ಆದ್ದರಿಂದ ಯಾವುದೇ ಕ್ಲಿನಿಕ್‌ಗೆ ಹೋದರೂ ಮೊದಲು ಹೇಳಬೇಕಾದ ಮಾತು ಒಂದೇ: ಇವರಿಗೆ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಆಗಿದೆ.

ಹಾಗಾದರೆ ಪ್ರಮಾಣವೆಷ್ಟು? ಈ ಕ್ಷೇತ್ರದ ಅಮೆರಿಕದ ತಜ್ಞರ ಸಂಘವು 2016ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯನ್ನು ಅನೇಕ ದೇಶಗಳ ವೈದ್ಯರು ಆಧಾರವಾಗಿ ಬಳಸುತ್ತಾರೆ. ಅದರ ಪ್ರಕಾರ ಸ್ಲೀವ್ ಅಥವಾ ಬೈಪಾಸ್ ಆದವರಿಗೆ ಆಹಾರವೂ ಸೇರಿ ದಿನಕ್ಕೆ 1200ರಿಂದ 1500 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ವಿಟಮಿನ್ ಡಿ ಸುಮಾರು 3000 ಯೂನಿಟ್ ಬೇಕು. ಮುಟ್ಟಾಗುವ ವಯಸ್ಸಿನ ಮಹಿಳೆಯರಿಗೆ 45ರಿಂದ 60 ಮಿಲಿಗ್ರಾಂ ಕಬ್ಬಿಣಾಂಶ, ಥಯಾಮಿನ್ ಕನಿಷ್ಠ 12 ಮಿಲಿಗ್ರಾಂ ಬೇಕು. ಬಿ12 ಬಾಯಿಯ ಮೂಲಕವಾದರೆ ದಿನಕ್ಕೆ 350 ಮೈಕ್ರೋಗ್ರಾಂ ಅಥವಾ ಹೆಚ್ಚು, ಚುಚ್ಚುಮದ್ದಾದರೆ ತಿಂಗಳಿಗೆ 1000 ಮೈಕ್ರೋಗ್ರಾಂ. ಸಾಮಾನ್ಯ ವ್ಯಕ್ತಿಗೆ ದಿನಕ್ಕೆ ಬೇಕಾಗುವ ಬಿ12 ಕೇವಲ ಎರಡು ಮೂರು ಮೈಕ್ರೋಗ್ರಾಂ ಎಂಬುದನ್ನು ನೆನೆದರೆ, ಅಂಗಡಿಯಲ್ಲಿ ಸಿಗುವ ಯಾವುದೋ ಒಂದು ಶಕ್ತಿಮಾತ್ರೆ ಇವರಿಗೆ ಏಕೆ ಸಾಲದು ಎಂಬುದು ಸ್ಪಷ್ಟವಾಗುತ್ತದೆ. ಈ ಅಂಕಿಗಳನ್ನು ಹೇಳಿದ್ದು ನೀವೇ ಔಷಧಿ ಬರೆದುಕೊಳ್ಳಲಿ ಎಂದಲ್ಲ, ವೈದ್ಯರ ಬಳಿ ವಿಚಾರಿಸಲು ನಿಮಗೆ ತಿಳಿವಿರಲಿ ಎಂದು. ಯಾರಿಗೆ ಎಷ್ಟು ಎಂಬುದನ್ನು ರಕ್ತ ಪರೀಕ್ಷೆಯೇ ನಿರ್ಧರಿಸಬೇಕು. ಮೊದಲ ವರ್ಷದಲ್ಲಿ ಕೆಲವು ತಿಂಗಳಿಗೊಮ್ಮೆ, ಅನಂತರ ಆರೋಗ್ಯವಾಗಿದ್ದರೂ ವರ್ಷಕ್ಕೊಮ್ಮೆ ಆ ಪರೀಕ್ಷೆ ಆಗಲೇಬೇಕು.

ಸೇವಿಸುವ ಕ್ರಮವೂ ಮುಖ್ಯ. ದೇಹವು ಒಂದು ಬಾರಿಗೆ ಹೀರಿಕೊಳ್ಳುವ ಕ್ಯಾಲ್ಸಿಯಂ 500-600 ಮಿಲಿಗ್ರಾಂ ಮಾತ್ರ. ಆದ್ದರಿಂದ ಅದನ್ನು ವಿಭಜಿಸಿ ಸೇವಿಸಬೇಕು. ಕ್ಯಾಲ್ಸಿಯಂ ಸಿಟ್ರೇಟ್ ಆದರೆ ಊಟವಿಲ್ಲದೆಯೂ ಸೇವಿಸಬಹುದು, ಕಾರ್ಬೊನೇಟ್ ಆದರೆ ಊಟದೊಂದಿಗೆ ಸೇವಿಸಬೇಕು. ಕ್ಯಾಲ್ಸಿಯಂ ಮತ್ತು ಕಬ್ಬಿಣಾಂಶ ಒಂದಕ್ಕೊಂದು ಅಡ್ಡಿಯಾಗುವುದರಿಂದ ಅವೆರಡರ ನಡುವೆ ಕನಿಷ್ಠ ಎರಡು ಗಂಟೆಗಳ ಅಂತರವಿರಬೇಕು. ಕಬ್ಬಿಣಾಂಶದ ಮಾತ್ರೆಯನ್ನು ಚಹಾ ಅಥವಾ ಹಾಲಿನೊಂದಿಗೆ ನುಂಗಿದರೆ ಅದರ ಬಹುಪಾಲು ವ್ಯರ್ಥ. ತುಸು ನಿಂಬೆರಸ ಬೆರೆತ ನೀರು ಅದಕ್ಕೆ ನೆರವಾಗುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿಯೂ ದೀರ್ಘಕಾಲ ಆಮ್ಲನಿವಾರಕ ಮಾತ್ರೆ ಸೇವಿಸುವವರಲ್ಲಿಯೂ ಬಿ12 ಇನ್ನಷ್ಟು ಕುಸಿಯುತ್ತದೆ.

ಇನ್ನೊಂದು ಎಚ್ಚರಿಕೆ. ಔಷಧದಂಗಡಿಗಳಲ್ಲಿ 60,000 ಯೂನಿಟ್‌ನ ವಿಟಮಿನ್ ಡಿ ಪುಡಿಯ ಪೊಟ್ಟಣ ಸಿಗುತ್ತದೆ. ಅದನ್ನು ಸಾಮಾನ್ಯವಾಗಿ ವಾರಕ್ಕೊಮ್ಮೆ, ಅದೂ ಕೆಲವು ವಾರಗಳಿಗೆ ಮಾತ್ರ ಬರೆದುಕೊಡಲಾಗುತ್ತದೆ. ದಿನಕ್ಕೊಂದರಂತೆ ತಿಂಗಳುಗಟ್ಟಲೆ ಸೇವಿಸಿದರೆ ರಕ್ತದಲ್ಲಿ ಕ್ಯಾಲ್ಸಿಯಂ ವಿಪರೀತವಾಗಿ ಏರಿ ಮೂತ್ರಪಿಂಡಕ್ಕೆ ಹಾನಿಯಾಗುತ್ತದೆ. ಕೊರತೆ ಹೇಗೆ ಕಾಯಿಲೆಯೋ ಅತಿರೇಕವೂ ಹಾಗೆಯೇ. ಮಿತಿಯನ್ನು ಕಲಿಸಿದ ಧರ್ಮದ ಅನುಯಾಯಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕರಿಜೀರಿಗೆ ಮತ್ತು ಜೇನು ಇರುವಾಗ ಈ ಮಾತ್ರೆಗಳೇಕೆ ಎಂದು ಕೇಳುವವರಿದ್ದಾರೆ. ಅವುಗಳ ಕುರಿತು ನಮಗೆ ಗೌರವವಿದೆ. ಆದರೆ ಚಿಕಿತ್ಸೆ ಪಡೆಯಿರೆಂದು ಪ್ರೇರೇಪಿಸಿದವರೂ ಪ್ರವಾದಿ(ಸ)ರೇ. ಜೇನಿನಲ್ಲಿ ಬಿ12 ಇಲ್ಲ. ಅಷ್ಟೇ ಅಲ್ಲ, ಬೈಪಾಸ್ ಆದವರು ಜೇನು, ಶರಬತ್ತುಗಳನ್ನು ಒಮ್ಮೆಲೇ ಸೇವಿಸಿದರೆ ಸಕ್ಕರೆ ನೇರವಾಗಿ ಕರುಳಿಗೆ ನುಗ್ಗಿ ಬೆವರು, ಎದೆಬಡಿತ, ತಲೆಸುತ್ತು ಉಂಟಾಗುತ್ತವೆ.

ಇದರಿಂದಲೇ ರಮಝಾನಿನ ಪ್ರಶ್ನೆ ಹುಟ್ಟುತ್ತದೆ. ಶಸ್ತ್ರಚಿಕಿತ್ಸೆಯ ನಂತರದ ಆರಂಭದ ತಿಂಗಳುಗಳಲ್ಲಿ ಉಪವಾಸ ಬೇಡವೆಂದು ವೈದ್ಯರು ಸಾಮಾನ್ಯವಾಗಿ ಸೂಚಿಸುತ್ತಾರೆ. ಕೆಲವರು ಒಂದು ವರ್ಷದವರೆಗೂ ಕಾಯಲು ಹೇಳುತ್ತಾರೆ. ಕಾರಣ ಸರಳ: ಪುಟ್ಟ ಜಠರಕ್ಕೆ ಗುಟುಕು ಗುಟುಕಾಗಿ ದಿನವಿಡೀ ನೀರು ಬೇಕು, ರಾತ್ರಿಯ ಕೆಲವೇ ಗಂಟೆಗಳಲ್ಲಿ ಅದನ್ನು ತುಂಬಲಾಗದು. ರೋಗಿಗೆ ಉಪವಾಸದಿಂದ ವಿನಾಯಿತಿ ನೀಡಿರುವುದು ಪವಿತ್ರ ಕುರ್‌ಆನ್. ಅಲ್ಲಾಹನೇ ನೀಡಿದ ವಿನಾಯಿತಿಯನ್ನು ಸ್ವೀಕರಿಸಲು ನಾವು ನಾಚಬೇಕೇ? ಮುಂದೆ ವೈದ್ಯರು ಸಮ್ಮತಿಸಿದಾಗ ಮಾತ್ರೆಗಳ ವೇಳೆಯನ್ನು ರಾತ್ರಿಗೆ ಹೊಂದಿಸಿಕೊಳ್ಳಬಹುದು. ಇಫ್ತಾರ್‌ನ ಆಹಾರದ ನಂತರ ಒಂದು ಕ್ಯಾಲ್ಸಿಯಂ, ತರಾವೀಹ್‌ನ ನಂತರ ಕಬ್ಬಿಣಾಂಶ, ಸಹ್ರಿಯಲ್ಲಿ ಎರಡನೆಯ ಕ್ಯಾಲ್ಸಿಯಂ. ಖರ್ಜೂರ ಒಂದು ಸಾಕು, ಅದನ್ನೂ ನಿಧಾನವಾಗಿ ಅಗಿದು ತಿನ್ನಬೇಕು. ಬಿ12 ಚುಚ್ಚುಮದ್ದನ್ನು ಇಫ್ತಾರ್‌ನ ನಂತರ ಹಾಕಿಸಿಕೊಂಡರೆ ಉಪವಾಸ ಮುರಿಯಿತೇ ಎಂಬ ತರ್ಕಕ್ಕೆ ಎಡೆಯೇ ಇರದು.

ಕ್ಯಾಪ್ಸೂಲಿನ ಹೊದಿಕೆಯ ಜೆಲಟಿನ್ ಯಾವ ಪ್ರಾಣಿಯದೋ ಎಂಬ ಸಂಶಯದಿಂದ ಮಾತ್ರೆಯನ್ನೇ ನಿಲ್ಲಿಸಿದವರೂ ಇದ್ದಾರೆ. ಸಂಶಯ ನ್ಯಾಯವಾದುದು, ನಿಲ್ಲಿಸಿದ್ದು ಸರಿಯಲ್ಲ. ಇವುಗಳಲ್ಲಿ ಬಹುತೇಕ ಎಲ್ಲವೂ ಜೆಲಟಿನ್ ಇಲ್ಲದ ಗುಳಿಗೆ, ಜಗಿಯುವ ಮಾತ್ರೆ, ಪುಡಿ ಅಥವಾ ನಾಲಿಗೆಯಡಿ ಇಡುವ ಮಾತ್ರೆಯ ರೂಪದಲ್ಲಿ ಸಿಗುತ್ತವೆ. ಸಸ್ಯಮೂಲದ ಹೊದಿಕೆಯ ಕ್ಯಾಪ್ಸೂಲುಗಳೂ ಇವೆ. ಆಹಾರ ಪೂರಕವಾಗಿ ಮಾರಾಟವಾಗುವ ಡಬ್ಬಿಗಳ ಮೇಲಿನ ಹಸಿರು ಚುಕ್ಕೆಯನ್ನು ಗಮನಿಸಿರಿ, ಔಷಧದಂಗಡಿಯವರನ್ನು ಕೇಳಿರಿ. ಸಂಶಯವು ಪರ್ಯಾಯವನ್ನು ಹುಡುಕಲು ಪ್ರೇರಣೆಯಾಗಲಿ, ಚಿಕಿತ್ಸೆಯನ್ನು ತ್ಯಜಿಸಲು ನೆಪವಾಗದಿರಲಿ.

ಸಹೋದರ ಸಹೋದರಿಯರೇ, ಈಗ ನಾವು ಅತ್ಯಂತ ನೋವಿನ ಅಂಶಕ್ಕೆ ಬರುತ್ತೇವೆ. ಹೆಣ್ಣು ದಪ್ಪಗಿದ್ದಾಳೆ, ಸಂಬಂಧ ಕೂಡಿಬರುತ್ತಿಲ್ಲ ಎಂಬ ಕಾರಣಕ್ಕೆ ಶಸ್ತ್ರಚಿಕಿತ್ಸೆಯ ಯೋಚನೆ ಮಾಡುವ ಮನೆಗಳಿವೆ. ಮಾಡಿಸಿದ ಮೇಲೆ ಅದನ್ನು ಗಂಡನ ಮನೆಯವರಿಂದ ಬಚ್ಚಿಡಲಾಗುತ್ತದೆ. ಹೊಸ ಮನೆಯಲ್ಲಿ ಆ ಹುಡುಗಿ ನಾಲ್ಕಾರು ಮಾತ್ರೆಗಳನ್ನು ಯಾರ ಕಣ್ಣ ಮುಂದೆ ನುಂಗಬೇಕು? ಇಷ್ಟೇ ಯಾಕೆ ತಿನ್ನುತ್ತಿ ಎಂದು ಅತ್ತೆ ಕೇಳಿದರೆ ಏನು ಉತ್ತರಿಸಬೇಕು? ಗುಟ್ಟು ಉಳಿಸಿಕೊಳ್ಳಲು ಅವಳು ಮಾತ್ರೆ ಬಿಡುತ್ತಾಳೆ. ಶಸ್ತ್ರಚಿಕಿತ್ಸೆಯ ನಂತರ 12ರಿಂದ 18 ತಿಂಗಳು ಗರ್ಭಧಾರಣೆಯನ್ನು ಮುಂದೂಡಬೇಕು ಎಂಬುದು ವೈದ್ಯರ ಸಲಹೆ. ಇತ್ತ ಮದುವೆಯಾಗಿ ಮೂರು ತಿಂಗಳಾಗುವಷ್ಟರಲ್ಲಿ ವಿಶೇಷವೇನಾದರೂ ಇದೆಯೇ ಎಂಬ ವಿಚಾರಣೆ ಆರಂಭವಾಗುತ್ತದೆ. ಫೋಲಿಕ್ ಆಮ್ಲವಿಲ್ಲದೆ ಗರ್ಭ ನಿಂತರೆ ಮಗುವಿನ ಬೆನ್ನುಹುರಿ, ಮಿದುಳಿನ ಬೆಳವಣಿಗೆಗೇ ಅಪಾಯ. ಇನ್ನೊಂದೆಡೆ, ರೆಟಿನಾಲ್ ರೂಪದ ವಿಟಮಿನ್ ಎ ಅತಿಯಾದರೆ ಅದೂ ಭ್ರೂಣಕ್ಕೆ ಹಾನಿಕರ. ಗರ್ಭಿಣಿಯರಿಗೆ ಗ್ಲೂಕೋಸ್ ನೀರು ಕುಡಿಸಿ ಮಾಡುವ ಸಕ್ಕರೆ ಪರೀಕ್ಷೆಯೂ ಬೈಪಾಸ್ ಆದವರಿಗೆ ಹಿಡಿಸದು, ವೈದ್ಯರು ಬೇರೆ ವಿಧಾನ ಅನುಸರಿಸಬೇಕಾಗುತ್ತದೆ. ವಿಷಯವೇ ಗೊತ್ತಿಲ್ಲದ ವೈದ್ಯರು ಏನು ಮಾಡಬಲ್ಲರು?

ಆದ್ದರಿಂದ ಹೆತ್ತವರಲ್ಲಿ ನಮ್ಮ ವಿನಂತಿ: ಮದುವೆಯ ಮಾತುಕತೆಯಲ್ಲಿಯೇ ಇದನ್ನು ತಿಳಿಸಿಬಿಡಿರಿ. ಪ್ರಾಮಾಣಿಕತೆಯಿಂದ ಮುರಿಯುವ ಸಂಬಂಧವು ಮುಚ್ಚುಮರೆಯಿಂದ ಉಳಿಯುವಂಥದ್ದಲ್ಲ. ಗಂಡಂದಿರಲ್ಲಿ ನಮ್ಮ ವಿನಂತಿ: ಪತ್ನಿಯ ಮಾತ್ರೆಯ ಖರ್ಚನ್ನು ಅನಗತ್ಯ ಖರ್ಚೆಂದು ಎಣಿಸಬೇಡಿರಿ. ಕುಟುಂಬದ ಪೋಷಣೆಯ ಹೊಣೆಯಲ್ಲಿ ಅದೂ ಸೇರಿದೆ.

ಸರಕಾರದ ನೀತಿಯನ್ನೂ ನೋಡೋಣ. ನಿಗದಿತ ಷರತ್ತುಗಳನ್ನು ಪೂರೈಸುವ ಬೊಜ್ಜಿನ ಶಸ್ತ್ರಚಿಕಿತ್ಸೆಯನ್ನು ಆರೋಗ್ಯ ವಿಮೆಯಿಂದ ಹೊರಗಿಡಲಾಗದಂತೆ ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ನಿಯಮ ರೂಪಿಸಿತು. ಸ್ವಾಗತಾರ್ಹವೇ. ಆದರೆ ಆಸ್ಪತ್ರೆಯ ಹಾಸಿಗೆಯಿಂದ ಇಳಿದ ನಂತರ ಜೀವನವಿಡೀ ಬೇಕಾಗುವ ಮಾತ್ರೆ ಮತ್ತು ರಕ್ತ ಪರೀಕ್ಷೆಗಳ ವೆಚ್ಚವನ್ನು ಸಾಮಾನ್ಯ ವಿಮೆಗಳು ಭರಿಸುವುದಿಲ್ಲ. ಸುಲಭ ಕಂತುಗಳಲ್ಲಿ ತೂಕ ಇಳಿಸಿಕೊಳ್ಳಿ ಎಂಬ ಜಾಹೀರಾತುಗಳೂ ಈ ವೆಚ್ಚದ ಬಗ್ಗೆ ಚಕಾರವೆತ್ತುವುದಿಲ್ಲ. ಚಿಕಿತ್ಸೆ ಮಾರುವವರು ಅನಂತರದ ಹೊಣೆಯನ್ನೂ ಲಿಖಿತವಾಗಿ ತಿಳಿಸಬೇಕೆಂದು ನಾವು ಆಗ್ರಹಿಸಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ಬಿ12, ವಿಟಮಿನ್ ಡಿ ಪರೀಕ್ಷೆಗಳು ಬಡವರಿಗೂ ದೊರೆಯಬೇಕು.

ಜಮಾಅತ್‌ಗಳಿಗೂ ಒಂದು ಮಾತಿದೆ. ಬೈತುಲ್‌ಮಾಲ್‌ನಿಂದ ಅಥವಾ ಝಕಾತ್ ನಿಧಿಯಿಂದ ಅರ್ಹರ ಶಸ್ತ್ರಚಿಕಿತ್ಸೆಗೆ ನೆರವಾಗುವಾಗ, ಅನಂತರದ ಕೆಲವು ವರ್ಷಗಳ ಮಾತ್ರೆ ಮತ್ತು ಪರೀಕ್ಷೆಯ ವೆಚ್ಚವನ್ನೂ ಲೆಕ್ಕಕ್ಕೆ ಸೇರಿಸಿರಿ. ಬಾವಿ ತೋಡಿಸಿ ಹಗ್ಗ ಕೊಡದಿದ್ದರೆ ಯಾರ ದಾಹವೂ ತಣಿಯದು. ಜನೌಷಧಿ ಮಳಿಗೆಗಳಲ್ಲಿ ಇಂಥ ಹಲವು ಮಾತ್ರೆಗಳು ಕಡಿಮೆ ಬೆಲೆಗೆ ಸಿಗುತ್ತವೆ ಎಂಬುದನ್ನೂ ತಿಳಿಸಿರಿ.

ಈ ದೇಹ ನಮ್ಮ ಸ್ವಂತದ್ದಲ್ಲ, ಅಲ್ಲಾಹನು ನಮ್ಮ ವಶಕ್ಕೆ ಕೊಟ್ಟಿರುವ ಅಮಾನತ್. ಇಂದು ಮನೆಗೆ ಮರಳಿದ ಮೇಲೆ ಶಸ್ತ್ರಚಿಕಿತ್ಸೆಯಾದ ನಿಮ್ಮ ಸಹೋದರಿಯನ್ನೋ ತಾಯಿಯನ್ನೋ ಸಹೋದರನನ್ನೋ ಎರಡು ಪ್ರಶ್ನೆ ಕೇಳಿರಿ: ಮಾತ್ರೆ ಸೇವಿಸುತ್ತಿದ್ದೀರಾ? ಕೊನೆಯ ರಕ್ತ ಪರೀಕ್ಷೆ ಮಾಡಿಸಿ ಎಷ್ಟು ಕಾಲವಾಯಿತು? ಉತ್ತರ ತಡವರಿಸಿದರೆ ಗದರಬೇಡಿರಿ, ನೀವೇ ಜೊತೆಗೆ ಹೋಗಿ ವೈದ್ಯರನ್ನು ಕಾಣಿಸಿರಿ.

ಅಲ್ಲಾಹನು ನಮಗೆಲ್ಲರಿಗೂ ಆರೋಗ್ಯವನ್ನೂ, ಆ ಆರೋಗ್ಯಕ್ಕೆ ಕೃತಜ್ಞರಾಗಿರುವ ವಿವೇಕವನ್ನೂ ದಯಪಾಲಿಸಲಿ. ಆಮೀನ್.