ಗೆದ್ದವ ಸೋಲಬಾರದು
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ನಿಮಗೆಲ್ಲ ಗೊತ್ತು. ಎದುರಾಳಿ ಸರ್ಕಾರವೇ ಆದಾಗ ಈ ಮಾತು ಇನ್ನೂ ನಿಜ. ಸರ್ಕಾರಿ ವಕೀಲರ ಫೀಸು ಖಜಾನೆಯಿಂದ ಬರುತ್ತದೆ. ಸಿರುಗುಪ್ಪದ ಅಥವಾ ಕುರುಗೋಡಿನ ಆರೋಪಿ ಮಾತ್ರ ವಕೀಲರ ಫೀಸು, ನಕಲು ಪ್ರತಿಗಳ ಖರ್ಚು, ವಾಯಿದೆಗೊಮ್ಮೆ ಬಳ್ಳಾರಿಗೆ ಬಸ್ ಚಾರ್ಜು, ಆ ದಿನದ ಕೂಲಿ, ಎಲ್ಲವನ್ನೂ ತಾನೇ ಹೊರಬೇಕು. ಖುಲಾಸೆಯಾದ ಮೇಲೂ ಅವನು ಮಾರಿದ ಹೊಲ ಮರಳಿ ಬರುವುದಿಲ್ಲ.

2008ರಲ್ಲಿ ಹುಬ್ಬಳ್ಳಿಯಲ್ಲಿ ದಾಖಲಾದ ಭಯೋತ್ಪಾದನಾ ಸಂಚಿನ ಪ್ರಕರಣವನ್ನು ನೆನೆಯಿರಿ. ಆರೋಪಿಗಳಲ್ಲಿ ವಿದ್ಯಾರ್ಥಿಗಳೂ ಇದ್ದರು. 2015ರಲ್ಲಿ ನ್ಯಾಯಾಲಯ 17 ಮಂದಿಯನ್ನು ಖುಲಾಸೆ ಮಾಡಿತು. ಅಷ್ಟು ವರ್ಷಗಳ ಖರ್ಚು ಯಾರ ಹೆಗಲಿಗೆ?

ಸಿವಿಲ್ ದಾವೆಯಲ್ಲಿ ಒಂದು ಬಾಗಿಲಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಂ ಪ್ರಕಾರ ಸೋತವರು ಗೆದ್ದವರ ಖರ್ಚು ಕೊಡುವುದು ಸಾಮಾನ್ಯ ನಿಯಮ. ಕೊಡಿಸದಿದ್ದರೆ ನ್ಯಾಯಾಲಯ ಕಾರಣ ಬರೆಯಬೇಕು. ಕ್ರಿಮಿನಲ್ ಪ್ರಕರಣದಲ್ಲಿ ಆ ಬಾಗಿಲೂ ಕಿರಿದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 399ನೇ ಕಲಂ ಪ್ರಕಾರ, ಆಧಾರವಿಲ್ಲದೆ ಬಂಧನ ಮಾಡಿಸಿದವನಿಂದ ಸಿಗುವ ಪರಿಹಾರ ಹೆಚ್ಚೆಂದರೆ 1,000 ರೂಪಾಯಿ! ಅದೂ ಸರ್ಕಾರದಿಂದಲ್ಲ.

ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಬಂಧನವಾದದ್ದು 1994ರಲ್ಲಿ. ಕೇರಳ ಸರ್ಕಾರ ಅವರಿಗೆ 50 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದು 2018ರಲ್ಲಿ. ವಿಜ್ಞಾನಿಗೇ 24 ವರ್ಷ ಹಿಡಿದರೆ ಹಮಾಲಿ ಮಾಡುವವನ ಪಾಡೇನು? ಅದೇ 2018ರಲ್ಲಿ ಕಾನೂನು ಆಯೋಗ ತನ್ನ 277ನೇ ವರದಿಯಲ್ಲಿ, ತಪ್ಪು ಮೊಕದ್ದಮೆಗೆ ಸಿಲುಕಿದವರಿಗೆ ಸರ್ಕಾರವೇ ಪರಿಹಾರ ಕೊಡುವ ಕಾನೂನು ಬೇಕೆಂದಿತು. ಹೊಸ ಸಂಹಿತೆ ಬಂದರೂ ಆ ಶಿಫಾರಸು ಅದರಲ್ಲಿ ಸೇರಲಿಲ್ಲ.

ಹೀಗೆ ಕೊಡಿಸಿದರೆ ಪೊಲೀಸರು ಕೇಸು ಹಾಕಲು ಹೆದರುತ್ತಾರೆಂದು ಕೆಲವರು ಹೇಳುತ್ತಾರೆ. ಆ ಮಾತನ್ನು ತಳ್ಳಿಹಾಕಬಾರದು. ಸೋತ ಪ್ರತಿಯೊಂದು ಕೇಸಿಗೂ ದಂಡ ಬೇಡ. ಅಮೆರಿಕದ 1997ರ ಕಾನೂನು, ಮೊಕದ್ದಮೆ ದುರುದ್ದೇಶದ್ದು, ಹುರುಳಿಲ್ಲದ್ದು ಅಥವಾ ಪೀಡಿಸಲೆಂದೇ ಹೂಡಿದ್ದು ಎಂದು ಕಂಡಾಗ ಮಾತ್ರ ಸರ್ಕಾರದಿಂದ ವಕೀಲರ ಫೀಸು ಕೊಡಿಸುತ್ತದೆ. ನಾವು ಕೇಳಬೇಕಾದದ್ದೂ ಅಷ್ಟೇ. ಇದು ಒಂದು ಸಮುದಾಯದ ಬೇಡಿಕೆಯಲ್ಲ. ಸರ್ಕಾರದ ಎದುರು ನಿಲ್ಲುವ ಪ್ರತಿಯೊಬ್ಬ ಬಡವನದು.

ಕಾನೂನು ಬರುವ ತನಕ ನಾವೇನು ಮಾಡಬಹುದು? ಫೀಸಿನ ರಸೀದಿ, ಬಸ್ ಟಿಕೆಟ್ ಜೋಪಾನವಾಗಿಡಿ. ಸಿವಿಲ್ ದಾವೆಯಲ್ಲಿ ಖರ್ಚು ಕೊಡಿಸಿರೆಂದು ಲಿಖಿತವಾಗಿಯೇ ಕೇಳಿ. ಬಂಧನದಲ್ಲಿರುವವರು, ಮಹಿಳೆಯರು, ಮಕ್ಕಳು, ಪರಿಶಿಷ್ಟರು 1987ರ ಕಾನೂನಿನಂತೆ ಉಚಿತ ವಕೀಲರಿಗೆ ಹಕ್ಕುಳ್ಳವರು. ಹೊಲ ಮಾರುವ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ತಟ್ಟಿ.

ವಿದ್ಯಾರ್ಥಿಗಳೇ, ಡಾಕ್ಟರು, ಇಂಜಿನಿಯರು ಆಗಿ, ಸಂತೋಷ. ನಿಮ್ಮಲ್ಲಿ ಕೆಲವರಾದರೂ ಕಾನೂನು ಓದಿ. ಗೆದ್ದವನು ಬರಿಗೈಯಲ್ಲಿ ಮನೆಗೆ ಹೋಗದಂತೆ ನೋಡಿಕೊಳ್ಳುವ ಕೆಲಸ ನಿಮ್ಮದು.